ಕಲಿಸುವವರ ಕಲಿಕೆಗೊಂದು ಮನೆ

ಈ ಸಂಚಿಕೆಯನ್ನು ಕೈಗೆತ್ತಿಕೊಳ್ಳುವವರಲ್ಲಿ ಬಹುಮಂದಿ ಉಪಾಧ್ಯಾಯ ವೃತ್ತಿಯವರು. ಒಂದನೆಯ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸುವ ಕೆಲಸಕ್ಕೆ ಸೇರುವ ಮೊದಲು ನಾವೆಲ್ಲರೂ ಟ್ರೈನಿಂಗ್ ಮುಗಿಸಿ ಬಂದವರು. ಪಾಠಟಿಪ್ಪಣಿ ಬರೆದು, ಮಾದರಿ ಪಾಠ ಮಾಡಿ, ಹಿಂದಿನ ಬೆಂಚಿನಲ್ಲಿ ಕುಳಿತ ಗುರುಗಳಿಂದ ತಪ್ಪು ತಿದ್ದಿಸಿಕೊಂಡವರು. ಹೈಸ್ಕೂಲಿನಲ್ಲಿ ಕಲಿಸುವವರಿಗೆ ಬಿ.ಎಡ್. ಬೇಕೇ ಬೇಕು. ಆದರೆ ಅದೇ ಮಗು ಬೆಳೆದು ಕಾಲೇಜಿನ ಮೆಟ್ಟಿಲು ಹತ್ತಿದಾಗ, ಅದಕ್ಕೆ ಪಾಠ ಹೇಳುವ ಅಧ್ಯಾಪಕರು ಕೆಲಸಕ್ಕೆ ಸೇರುವ ಮುನ್ನ ಇಂಥ ಯಾವ ತರಬೇತಿಯನ್ನೂ ಪಡೆದಿರಬೇಕಾಗಿಲ್ಲ. ಎಂ.ಎ. ಪದವಿಯ ಜೊತೆಗೆ ನೆಟ್ ಪರೀಕ್ಷೆಯೋ ಪಿಎಚ್.ಡಿ.ಯೋ ಆಗಿದ್ದರೆ ಸಾಕು. ನೆಟ್ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿ ಬೋಧನೆಯ ವಿಷಯವಾಗಿ ಕೆಲವು ಪ್ರಶ್ನೆಗಳಿರುವುದುಂಟು. ಆದರೆ ಅಭ್ಯರ್ಥಿಯನ್ನು ತರಗತಿಯೊಂದರ ಎದುರು ನಿಲ್ಲಿಸಿ ನೋಡುವ ಕ್ರಮ ಅದರಲ್ಲಿಲ್ಲ.

ಇದೇಕೆ ಹೀಗಾಯಿತು? ವಿದ್ವತ್ತು ಇದ್ದವನಿಗೆ ಬೋಧನೆ ತಾನಾಗಿಯೇ ಒಲಿಯುತ್ತದೆಂಬ ನಂಬಿಕೆ ಬಹಳ ಹಳೆಯದು. ಆದರೆ ನಂಬಿಕೆಯೊಂದೇ ಇದಕ್ಕೆ ಕಾರಣವಲ್ಲ. ಇದರ ಹಿಂದೆ ಒಂದು ಚರಿತ್ರೆಯಿದೆ. ಕಾಲೇಜು ಅಧ್ಯಾಪಕರಿಗೆ ನೆರವಾಗಲೆಂದೇ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಒಂದು ಕಚೇರಿ ಹೇಗೆ ಹುಟ್ಟಿತು, ಅದು ಯಾವ ದಾರಿಯಲ್ಲಿ ನಡೆಯಿತು, ಗಡಿನಾಡಿನ ಕನ್ನಡಕ್ಕೆ ಅದರಿಂದ ಆಗಬೇಕಾದದ್ದೇನು ಎಂಬುದನ್ನು ಸಂಕ್ಷೇಪವಾಗಿ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಒಂದೇ ಕಾಗದ, ಎರಡು ದಾರಿ

೧೮೫೪ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷರಾಗಿದ್ದ ಸರ್ ಚಾರ್ಲ್ಸ್ ವುಡ್ ಅವರ ಕಾಲದಲ್ಲಿ ಇಂಗ್ಲೆಂಡಿನಿಂದ ಬಂದ ಶಿಕ್ಷಣ ಸಂಬಂಧವಾದ ಆದೇಶಪತ್ರ ನಮ್ಮ ದೇಶದ ಆಧುನಿಕ ಶಿಕ್ಷಣಕ್ಕೆ ತಳಹದಿಯಾಯಿತೆಂಬುದು ಎಲ್ಲರೂ ಬಲ್ಲ ಸಂಗತಿ. ಆ ಪತ್ರದಲ್ಲಿ ಎರಡು ಮಾತುಗಳು ಒಟ್ಟಿಗೇ ಬಂದವು. ಶಾಲೆಯ ಉಪಾಧ್ಯಾಯರಿಗೆ ತರಬೇತಿ ಕೊಡಲು ನಾರ್ಮಲ್ ಶಾಲೆಗಳಿರಬೇಕು ಎಂಬುದು ಒಂದು. ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಇಲ್ಲಿಯೂ ವಿಶ್ವವಿದ್ಯಾನಿಲಯಗಳಿರಬೇಕು ಎಂಬುದು ಮತ್ತೊಂದು. ಲಂಡನ್ನಿನ ಅಂದಿನ ಮಾದರಿಯೆಂದರೆ ಕಾಲೇಜುಗಳು ಪಾಠ ಹೇಳುವುದು, ವಿಶ್ವವಿದ್ಯಾನಿಲಯ ಪರೀಕ್ಷೆ ನಡೆಸಿ ಪದವಿ ಕೊಡುವುದು. ೧೮೫೭ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಹುಟ್ಟಿದ ಮೂರು ವಿಶ್ವವಿದ್ಯಾನಿಲಯಗಳೂ ಇದೇ ಬಗೆಯವು.

ಒಂದೇ ಕಾಗದದಿಂದ ಹೊರಟ ಈ ಎರಡು ದಾರಿಗಳು ಮುಂದೆ ಎಲ್ಲಿಯೂ ಕೂಡಲಿಲ್ಲ. ಶಾಲೆಯ ಉಪಾಧ್ಯಾಯನ ಕಡೆ ಏನೇನೋ ಕೆಲಸ ನಡೆಯಿತು. ಮುಂಬಯಿ ಪ್ರಾಂತದ ಕನ್ನಡ ಭಾಗದಲ್ಲಿ ಡೆಪ್ಯೂಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದ ಕಾಲವದು. ಕನ್ನಡದಲ್ಲಿಯೇ ಕಲಿತು ಕನ್ನಡದಲ್ಲಿಯೇ ಕಲಿಸಬಲ್ಲ ಉಪಾಧ್ಯಾಯರ ಪೀಳಿಗೆಯೊಂದು ಧಾರವಾಡದ ಟ್ರೈನಿಂಗ್ ಶಾಲೆಯಿಂದ ಹೊರಬಂದಿತು. ಕಾಲೇಜಿನ ಕಡೆ ಮಾತ್ರ ಅಂಥದೇನೂ ಆಗಲಿಲ್ಲ. ವಿಶ್ವವಿದ್ಯಾನಿಲಯ ತಾನೇ ಪಾಠ ಹೇಳುತ್ತಿರಲಿಲ್ಲವಾದ್ದರಿಂದ ಪಾಠ ಚೆನ್ನಾಗಿ ನಡೆಯುತ್ತಿದೆಯೇ ಎಂದು ಕೇಳುವ ಗರಜೂ ಅದಕ್ಕಿರಲಿಲ್ಲ. ಅದರ ಕಣ್ಣಿಗೆ ಬೀಳುತ್ತಿದ್ದುದು ಉತ್ತರಪತ್ರಿಕೆ ಮಾತ್ರ. ವಿದ್ಯಾರ್ಥಿ ನಪಾಸಾದರೆ ಅದು ವಿದ್ಯಾರ್ಥಿಯ ದೋಷ. ಅಲ್ಲಿಗೆ ವಿಚಾರ ಮುಗಿಯಿತು.

ಇಂದು ನಾವು ಗಡಿನಾಡೆಂದು ಕರೆಯುವ ಪ್ರದೇಶದ ಬಹುಭಾಗ ಆಗ ಈ ಎರಡು ಪರೀಕ್ಷಾ ಮನೆಗಳ ವಶದಲ್ಲಿತ್ತು. ಕಾಸರಗೋಡು, ನೀಲಗಿರಿ, ಹೊಸೂರು, ಆದವಾನಿ, ರಾಯದುರ್ಗ, ಮಡಕಶಿರಾ ಇವೆಲ್ಲ ಮದರಾಸಿನ ಕಡೆಗೆ. ಸೊಲ್ಲಾಪುರದ ಸೀಮೆ ಮುಂಬಯಿಯ ಕಡೆಗೆ. ಹೈದರಾಬಾದು ಸಂಸ್ಥಾನದಲ್ಲಿ ೧೯೧೮ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಉರ್ದುವನ್ನು ಬೋಧನ ಭಾಷೆಯನ್ನಾಗಿ ಇಟ್ಟುಕೊಂಡದ್ದು ದೊಡ್ಡ ಸಾಹಸವೇ ಸರಿ. ಇಂಗ್ಲಿಷಿಲ್ಲದೆ ಉನ್ನತ ಶಿಕ್ಷಣವಿಲ್ಲವೆಂಬ ಮಾತನ್ನು ಅದು ಸುಳ್ಳು ಮಾಡಿತು. ಆದರೆ ಮನೆಯಲ್ಲಿ ಕನ್ನಡ, ತೆಲುಗು, ಮರಾಠಿ ಆಡುವ ಹುಡುಗರಿಗೆ ಅದೂ ಮತ್ತೊಂದು ಪರಭಾಷೆಯೇ ಆಗಿತ್ತು. ೧೯೧೬ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದರಿಂದ ಕನ್ನಡದ ಉನ್ನತ ಅಧ್ಯಯನಕ್ಕೆ ಒಂದು ಗಟ್ಟಿಯಾದ ನೆಲೆ ದೊರಕಿತು. ಗಡಿಯಾಚೆಯ ನಮ್ಮ ಕಾಲೇಜುಗಳು ಇಂದಿಗೂ ವಿದ್ವಾಂಸರಿಗಾಗಿ, ಪುಸ್ತಕಗಳಿಗಾಗಿ ಕೈಚಾಚುವುದು ಮೈಸೂರು, ಧಾರವಾಡ, ಮಂಗಳೂರುಗಳ ಕಡೆಗೇ.

ಸ್ವಾತಂತ್ರ್ಯದ ಬಳಿಕ ಬಂದ ವಿಚಾರ

ಸ್ವತಂತ್ರ ಭಾರತ ನೇಮಿಸಿದ ಮೊದಲ ಶಿಕ್ಷಣ ಆಯೋಗವೇ ವಿಶ್ವವಿದ್ಯಾನಿಲಯಗಳನ್ನು ಕುರಿತದ್ದು. ೧೯೪೮ರಲ್ಲಿ ನೇಮಕವಾಗಿ ೧೯೪೯ರಲ್ಲಿ ವರದಿ ಕೊಟ್ಟ ಆ ಆಯೋಗದ ಅಧ್ಯಕ್ಷರು ಡಾ. ಸರ್ವೇಪಲ್ಲಿ ರಾಧಾಕೃಷ್ಣನ್. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ೧೯೧೮ರಿಂದ ೧೯೨೧ರವರೆಗೆ ಪ್ರಾಧ್ಯಾಪಕರಾಗಿದ್ದು, ವಿದ್ಯಾರ್ಥಿಗಳ ಪ್ರೀತಿಯನ್ನು ಬಹುವಾಗಿ ಗಳಿಸಿದ್ದ ಅವರಿಗೆ ತರಗತಿಯ ಒಳಹೊರಗು ಚೆನ್ನಾಗಿ ಗೊತ್ತಿತ್ತು. ಒಮ್ಮೆ ಪದವಿ ಪಡೆದವನ ಓದು ಅಲ್ಲಿಗೇ ನಿಂತುಹೋಗಬಾರದು, ಹೈಸ್ಕೂಲು ಮತ್ತು ಇಂಟರ್‌ಮೀಡಿಯೆಟ್ ಕಾಲೇಜುಗಳ ಉಪಾಧ್ಯಾಯರಿಗಾಗಿ ವಿಶ್ವವಿದ್ಯಾನಿಲಯಗಳು ರಿಫ್ರೆಷರ್ ಕೋರ್ಸುಗಳನ್ನು ನಡೆಸಬೇಕು ಎಂದು ಆಯೋಗ ಸೂಚಿಸಿತು. ಪಾಠ ಹೇಳುವವನೂ ಓದುತ್ತಿರಬೇಕೆಂಬ ಮಾತು ಸರಕಾರದ ಕಾಗದದ ಮೇಲೆ ಬಂದದ್ದು ಹೀಗೆ.

೧೯೫೩ರ ಡಿಸೆಂಬರಿನಲ್ಲಿ ಮೌಲಾನಾ ಆಜಾದರು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವನ್ನು ಉದ್ಘಾಟಿಸಿದರು. ೧೯೫೬ರಲ್ಲಿ ಅದಕ್ಕೆ ಶಾಸನದ ಬಲ ಬಂದಿತು. ಬೋಧನೆ, ಪರೀಕ್ಷೆ, ಸಂಶೋಧನೆ ಈ ಮೂರರ ಮಟ್ಟವನ್ನು ಕಾಪಾಡುವುದು ಅದರ ಹೊಣೆಯೆಂದು ಶಾಸನ ಹೇಳಿತು. ಮೂರರಲ್ಲಿ ಬೋಧನೆಯೇ ಮೊದಲು ಬಂದಿರುವುದನ್ನು ಗಮನಿಸಬೇಕು. ಪರೀಕ್ಷೆಯನ್ನು ಅಳೆಯುವುದು ಸುಲಭ, ಸಂಶೋಧನೆಯನ್ನು ಪುಟಗಳ ಲೆಕ್ಕದಲ್ಲಿ ಎಣಿಸಬಹುದು. ಬೋಧನೆಯನ್ನು ಕಾಪಾಡುವುದು ಹೇಗೆಂಬುದೇ ಕಷ್ಟದ ಪ್ರಶ್ನೆ.

ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ಕೊಟ್ಟದ್ದು ಡಾ. ದೌಲತ್ ಸಿಂಗ್ ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗ. ೧೯೬೪ರಲ್ಲಿ ಕೆಲಸ ತೊಡಗಿ ೧೯೬೬ರಲ್ಲಿ ಒಪ್ಪಿಸಿದ ವರದಿಯಲ್ಲಿ, ಹೊಸದಾಗಿ ಸೇರುವ ಅಧ್ಯಾಪಕರಿಗೆ ಪ್ರತಿಯೊಂದು ವಿಶ್ವವಿದ್ಯಾನಿಲಯವೂ, ಸಾಧ್ಯವಾದ ಕಡೆ ಪ್ರತಿಯೊಂದು ಕಾಲೇಜೂ ಪರಿಚಯ ಶಿಕ್ಷಣವನ್ನು ಏರ್ಪಡಿಸಬೇಕೆಂದೂ, ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಅಥವಾ ಕೆಲವು ವಿಶ್ವವಿದ್ಯಾನಿಲಯಗಳು ಕೂಡಿ ಇದಕ್ಕಾಗಿ ಶಾಶ್ವತವಾದ ಒಂದು ಸ್ಟಾಫ್ ಕಾಲೇಜನ್ನು ಸ್ಥಾಪಿಸಬಹುದೆಂದೂ ಹೇಳಲಾಯಿತು. ಬಿತ್ತಿದ ಬೀಜ ಇದೇ. ಅದು ಮೊಳೆಯಲು ಮಾತ್ರ ಇಪ್ಪತ್ತು ವರ್ಷ ಹಿಡಿಯಿತು. ನಡುವೆ ಬೇಸಗೆಯ ಶಿಬಿರಗಳು ನಡೆದವು. ೧೯೭೦ರ ದಶಕದಲ್ಲಿ ಕಾಲೇಜುಗಳ ವಿಜ್ಞಾನ ಹಾಗೂ ಮಾನವಿಕ ಪಾಠಗಳ ಸುಧಾರಣೆಗೆಂದು ಧನಸಹಾಯ ಆಯೋಗ ಯೋಜನೆಗಳನ್ನು ಹಾಕಿತು. ಬಂದವರು ಕಲಿತು ಹೋದರು. ಆದರೆ ಶಿಬಿರದ ಚಪ್ಪರ ಬಿಚ್ಚಿದ ಮೇಲೆ, ಸಂಶಯ ಬಂದಾಗ ಹೋಗಿ ಬಾಗಿಲು ತಟ್ಟಲು ಒಂದು ಮನೆ ಇರಲಿಲ್ಲ.

ಕಡಲಾಚೆಯ ಒಂದು ಉದಾಹರಣೆ

ನಮ್ಮಲ್ಲಿ ಕೊಠಾರಿ ಆಯೋಗ ನೇಮಕವಾಗುವ ಎರಡು ವರ್ಷ ಮೊದಲು, ೧೯೬೨ರಲ್ಲಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಕಲಿಕೆ ಮತ್ತು ಬೋಧನೆಯ ಸಂಶೋಧನ ಕೇಂದ್ರವೆಂಬ ಕಚೇರಿಯೊಂದು ತೆರೆಯಿತು. ಆ ದೇಶದಲ್ಲಿ ಈ ಬಗೆಯ ಮೊದಲನೆಯ ಸಂಸ್ಥೆಯೆಂದು ಅದನ್ನು ಗಣಿಸುತ್ತಾರೆ. ಅಲ್ಲಿಯ ಮನಶ್ಶಾಸ್ತ್ರದ ಪ್ರಾಧ್ಯಾಪಕ ವಿಲ್ಬರ್ಟ್ ಮೆಕೀಚಿ ಅವರು ಹೊಸ ಅಧ್ಯಾಪಕರಿಗಾಗಿ ಬೋಧನೆಯ ಕೈಪಿಡಿಯೊಂದನ್ನು ೧೯೫೧ರಷ್ಟು ಹಿಂದೆಯೇ ಸಿದ್ಧಪಡಿಸಿದ್ದರು. ಮುಂದೆ ಅದು ಅನೇಕ ಆವೃತ್ತಿಗಳನ್ನು ಕಂಡಿತು.

ಈ ಕೇಂದ್ರದ ಕೆಲಸದ ರೀತಿಯಲ್ಲಿ ಒಂದನ್ನು ನಮ್ಮ ವಾಚಕರು ತಿಳಿಯುವುದು ಒಳ್ಳೆಯದು. ಅಧ್ಯಾಪಕರೊಬ್ಬರು ತಾವಾಗಿ ಕೇಳಿಕೊಂಡರೆ ಕೇಂದ್ರದವರೊಬ್ಬರು ಅವಧಿಯ ನಡುವೆ ಅವರ ತರಗತಿಗೆ ಬರುತ್ತಾರೆ. ಸ್ವಲ್ಪ ಹೊತ್ತು ಪಾಠ ಕೇಳುತ್ತಾರೆ. ಬಳಿಕ ಅಧ್ಯಾಪಕರು ಹೊರಗೆ ಹೋಗುತ್ತಾರೆ. ಬಂದವರು ವಿದ್ಯಾರ್ಥಿಗಳನ್ನು ಚಿಕ್ಕ ಚಿಕ್ಕ ಗುಂಪುಗಳಾಗಿ ಕೂರಿಸಿ, ಈ ಪಾಠದಲ್ಲಿ ನಿಮ್ಮ ಕಲಿಕೆಗೆ ನೆರವಾಗುತ್ತಿರುವುದು ಯಾವುದು, ಬದಲಾಗಬೇಕಾದದ್ದು ಯಾವುದು ಎಂದು ಕೇಳುತ್ತಾರೆ. ವಿದ್ಯಾರ್ಥಿಗಳ ಹೆಸರಿಲ್ಲದೆ ಆ ಅಭಿಪ್ರಾಯಗಳು ಅಧ್ಯಾಪಕರಿಗೆ ತಲುಪುತ್ತವೆ. ಅವರಿಗಲ್ಲದೆ ಮತ್ತಾರಿಗೂ ತಲುಪುವುದಿಲ್ಲ. ವಿಭಾಗದ ಮುಖ್ಯಸ್ಥರಿಗೆ ವರದಿಯಿಲ್ಲ, ಬಡ್ತಿಯ ಕಡತಕ್ಕೆ ಸೇರ್ಪಡೆಯಿಲ್ಲ. ಅವಧಿ ಇನ್ನೂ ಅರ್ಧ ಉಳಿದಿರುವಾಗಲೇ ತಿದ್ದಿಕೊಳ್ಳಲು ಅವಕಾಶ ದೊರಕುತ್ತದೆ. ಇಡೀ ವಿಭಾಗವೊಂದು ತನ್ನ ಪಠ್ಯಕ್ರಮವನ್ನು ಹೊಸದಾಗಿ ಕಟ್ಟಿಕೊಳ್ಳಬೇಕೆಂದರೂ, ಪದವಿ ಮುಗಿಸಿದವನು ಏನನ್ನು ಬಲ್ಲವನಾಗಿರಬೇಕು, ಯಾವ ಪಾಠ ಯಾವುದರ ಮುಂದೆ ಬರಬೇಕು ಎಂಬ ವಿಚಾರಕ್ಕೆ ಕೇಂದ್ರದವರು ಜೊತೆಗೆ ಕೂರುತ್ತಾರೆ.

ಇನ್‌ಸ್ಪೆಕ್ಟರು ಬಂದ ದಿನ ಶಾಲೆ ಹೇಗಿರುತ್ತದೆಂಬುದು ನಮಗೆಲ್ಲ ಗೊತ್ತು. ಅಂದು ಗೋಡೆಗೆ ಸುಣ್ಣ ಬಂದಿರುತ್ತದೆ, ಜಾಣ ಹುಡುಗರು ಮುಂದಿನ ಸಾಲಿನಲ್ಲಿರುತ್ತಾರೆ, ತಪ್ಪೆಲ್ಲ ಬೀರುವಿನೊಳಗೆ ಹೋಗಿರುತ್ತದೆ. ತಪ್ಪನ್ನು ಅಡಗಿಸಿದ ಕಡೆ ಅದನ್ನು ತಿದ್ದುವುದೆಂತು? ತನಿಖೆಗೂ ನೆರವಿಗೂ ಇರುವ ಭೇದ ಇದು. ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡೇ ನಮ್ಮ ದೇಶದ ಕಥೆಯನ್ನು ಮುಂದುವರಿಸಬೇಕು.

ಅಕೆಡೆಮಿಕ್ ಸ್ಟಾಫ್ ಕಾಲೇಜು

೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿ ಅಧ್ಯಾಪಕರ ತರಬೇತಿಯನ್ನು ಮತ್ತೆ ಮುಂದಕ್ಕೆ ತಂದಿತು. ಪ್ರೊ. ಯಶಪಾಲರು ಆಗ ಧನಸಹಾಯ ಆಯೋಗದ ಅಧ್ಯಕ್ಷರು. ೧೯೮೭ರಲ್ಲಿ ಅಕೆಡೆಮಿಕ್ ಸ್ಟಾಫ್ ಕಾಲೇಜುಗಳು ಆರಂಭವಾದವು. ಮೊದಲ ಹಂತದಲ್ಲಿ ೪೮ ವಿಶ್ವವಿದ್ಯಾನಿಲಯಗಳನ್ನು ಆರಿಸಲಾಯಿತು, ಮುಂದೆ ಈ ಸಂಖ್ಯೆ ೬೬ಕ್ಕೆ ಏರಿತು. ಕರ್ನಾಟಕದಲ್ಲಿ ಮೈಸೂರು, ಬೆಂಗಳೂರು. ನಮ್ಮ ಸುತ್ತಣ ರಾಜ್ಯಗಳಲ್ಲಿ ಕ್ಯಾಲಿಕಟ್, ತಿರುವನಂತಪುರ, ಕೊಯಮತ್ತೂರು, ತಿರುಪತಿ, ಹೈದರಾಬಾದು, ಪುಣೆ, ಗೋವಾ ಮೊದಲಾದ ಕಡೆಗಳಲ್ಲಿ ಈ ಮನೆಗಳು ಎದ್ದವು. ಕೊಠಾರಿ ಆಯೋಗದ ಬೀಜ ಮೊಳೆತದ್ದು ಹೀಗೆ.

ಇಲ್ಲಿ ಎರಡು ಬಗೆಯ ಕೋರ್ಸುಗಳು ನಡೆದವು. ಹೊಸ ಅಧ್ಯಾಪಕರಿಗೆ ಓರಿಯೆಂಟೇಷನ್ ಕೋರ್ಸು: ನಾಲ್ಕು ವಾರ, ೨೪ ಕೆಲಸದ ದಿನ, ದಿನಕ್ಕೆ ಆರು ಗಂಟೆಯಂತೆ ೧೪೪ ಗಂಟೆ. ಅನುಭವವಿದ್ದವರಿಗೆ ತಮ್ಮ ತಮ್ಮ ವಿಷಯದಲ್ಲಿ ರಿಫ್ರೆಷರ್ ಕೋರ್ಸು: ಮೂರು ವಾರ, ೧೮ ದಿನ, ೧೦೮ ಗಂಟೆ. ಮೊದಲನೆಯದರಲ್ಲಿ ಪಾಠಗಳನ್ನು ನಾಲ್ಕು ಭಾಗ ಮಾಡಿದ್ದರು. ಸಮಾಜ, ಪರಿಸರ, ಅಭಿವೃದ್ಧಿಗಳಿಗೂ ಶಿಕ್ಷಣಕ್ಕೂ ಇರುವ ಸಂಬಂಧ ಒಂದು. ಶಿಕ್ಷಣ ತತ್ತ್ವ ಮತ್ತು ಬೋಧನ ಕ್ರಮ ಎರಡು. ಜ್ಞಾನದ ಆಕರಗಳ ಪರಿಚಯ ಮೂರು. ಆಡಳಿತ ಮತ್ತು ವ್ಯಕ್ತಿತ್ವ ವಿಕಾಸ ನಾಲ್ಕು. ಭೌತಶಾಸ್ತ್ರದವರು, ಇತಿಹಾಸದವರು, ವಾಣಿಜ್ಯದವರು, ಭಾಷೆಯವರು ಎಲ್ಲರೂ ಒಂದೇ ಕೋಣೆಯಲ್ಲಿ ಕುಳಿತದ್ದು ಓರಿಯೆಂಟೇಷನ್ ಕೋರ್ಸಿನ ವೈಶಿಷ್ಟ್ಯ. ಇದೇ ಕಾಲದಲ್ಲಿ ಮಾದರಿ ಪಠ್ಯಕ್ರಮಗಳನ್ನು ಸಿದ್ಧಪಡಿಸಲು ವಿಷಯವಾರು ಕೇಂದ್ರಗಳನ್ನೂ ಧನಸಹಾಯ ಆಯೋಗ ಸ್ಥಾಪಿಸಿತು. ಹೇಗೆ ಕಲಿಸಬೇಕೆಂಬುದೂ ಏನನ್ನು ಕಲಿಸಬೇಕೆಂಬುದೂ ಒಂದೇ ನಾಣ್ಯದ ಎರಡು ಮುಖಗಳೆಂಬ ಅರಿವು ಅದರಲ್ಲಿತ್ತು.

ಆದರೆ ಹುಟ್ಟಿನೊಂದಿಗೇ ಈ ಮನೆಗೆ ಒಂದು ದೋಷವೂ ಅಂಟಿಕೊಂಡಿತು. ಅಧ್ಯಾಪಕರು ಹಿರಿಯ ಶ್ರೇಣಿಗೆ ಏರಬೇಕಾದರೆ ಇಂಥ ಕೋರ್ಸುಗಳನ್ನು ಮುಗಿಸಿರಬೇಕೆಂದು ನಿಬಂಧನೆ ಬಂದಿತು. ನಿಬಂಧನೆಯಿಲ್ಲದಿದ್ದರೆ ಎಷ್ಟೋ ಮಂದಿ ಬರುತ್ತಲೇ ಇರಲಿಲ್ಲ, ಬರಲು ಆಡಳಿತದವರು ರಜೆಯನ್ನೂ ಕೊಡುತ್ತಿರಲಿಲ್ಲ ಎಂಬುದು ನಿಜ. ಆದರೆ ನಿಬಂಧನೆಯಿಂದ ಬಂದವರಲ್ಲಿ ಕೆಲವರ ಕಣ್ಣು ಪಾಠದ ಮೇಲಿರದೆ ಪ್ರಮಾಣಪತ್ರದ ಮೇಲಿದ್ದುದೂ ಅಷ್ಟೇ ನಿಜ. ಇಂಥ ಕೋರ್ಸುಗಳಿಗೆ ಹೋಗಿಬಂದವರು ನಗುತ್ತ ಹೇಳುವ ಮಾತೊಂದಿದೆ: ಉಪನ್ಯಾಸ ಪದ್ಧತಿ ಹಳೆಯದಾಯಿತು ಎಂಬ ವಿಷಯವಾಗಿ ಅಲ್ಲಿ ಎರಡು ಗಂಟೆಯ ಉಪನ್ಯಾಸವಿತ್ತಂತೆ. ನಗುವಿನೊಳಗೆ ಸತ್ಯವಿದೆ. ಬಡ್ತಿಗೆ ಕಟ್ಟಿದ ನೆರವು ಮೆಲ್ಲಮೆಲ್ಲನೆ ಹಾಜರಿಯ ಲೆಕ್ಕವಾಗಿಬಿಡುತ್ತದೆ. ಕೋರ್ಸು ಮುಗಿಸಿ ಊರಿಗೆ ಹಿಂದಿರುಗಿದ ಅಧ್ಯಾಪಕನ ತರಗತಿಯಲ್ಲಿ ಏನು ಬದಲಾಯಿತೆಂದು ಕೇಳುವವರು ಇರುವುದಿಲ್ಲ.

ಮುಂದೆ ಹೆಸರುಗಳು ಬದಲಾದವು. ೨೦೧೫ರಲ್ಲಿ ಈ ಸಂಸ್ಥೆಗಳು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು. ೨೦೨೩ರ ಸೆಪ್ಟೆಂಬರ್ ೫ರಂದು, ಅಂದರೆ ರಾಧಾಕೃಷ್ಣನ್ ಅವರ ಜನ್ಮದಿನದಂದೇ, ಮಾಳವೀಯ ಮಿಷನ್ ಆರಂಭವಾಗಿ ಅವುಗಳಿಗೆ ಮದನ ಮೋಹನ ಮಾಳವೀಯರ ಹೆಸರು ಬಂದಿತು. ೨೦೨೦ರ ಬಳಿಕ ಕೋರ್ಸುಗಳಲ್ಲಿ ಅನೇಕವು ಆನ್‌ಲೈನ್ ಆಗಿವೆ. ತಾಳವಾಡಿಯ ಬೆಟ್ಟದ ಸೀಮೆಯವರಿಗೂ ಜತ್ತಿನ ಬಯಲುಸೀಮೆಯವರಿಗೂ ಇದರಿಂದ ದಾರಿಯ ಖರ್ಚು ಉಳಿಯಿತೆಂಬುದು ಸಂತೋಷದ ವಿಷಯ. ಕಳೆದುಹೋದದ್ದೇನೆಂಬುದನ್ನು ಮುಂದೆ ಹೇಳುತ್ತೇನೆ.

ಗಡಿನಾಡಿನ ಪಾಲು

೧೯೫೬ರ ನವೆಂಬರ್ ೧ರಂದು ರಾಜ್ಯಗಳ ಗಡಿ ಬರೆಯಲ್ಪಟ್ಟಿತು. ಅದರ ಪರಿಣಾಮವನ್ನು ನಾವು ಶಾಲೆಯ ಮಟ್ಟದಲ್ಲಿ ಬಹಳ ಚರ್ಚಿಸಿದ್ದೇವೆ. ಸಂವಿಧಾನದ ೩೫೦ಎ ವಿಧಿ ಅದೇ ವರ್ಷ ಸೇರಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯವಿರಬೇಕೆಂದು ಹೇಳಿತು. ಕಾಲೇಜಿನ ಮಟ್ಟಕ್ಕೆ ಆ ವಿಧಿ ಚಾಚುವುದಿಲ್ಲ. ಅಲ್ಲಿ ಕನ್ನಡ ಉಳಿಯುವುದು ಒಂದು ವಿಭಾಗ, ಒಂದು ಹುದ್ದೆ, ಒಬ್ಬ ಅಧ್ಯಾಪಕರ ಮೇಲೆ.

ಇದರ ಜೊತೆಗೆ ಮತ್ತೊಂದು ಸಂಗತಿಯನ್ನು ನೋಡಿರಿ. ಊರು ಇದ್ದಲ್ಲಿಯೇ ಇತ್ತು, ವಿಶ್ವವಿದ್ಯಾನಿಲಯ ಬದಲಾಗುತ್ತ ಹೋಯಿತು. ೧೯೫೭ರಲ್ಲಿ ತೆರೆದ ಕಾಸರಗೋಡಿನ ಸರಕಾರಿ ಕಾಲೇಜು ಮೊದಲು ತಿರುವನಂತಪುರವನ್ನು ನೋಡುತ್ತಿತ್ತು. ೧೯೬೮ರಲ್ಲಿ ಕ್ಯಾಲಿಕಟ್ ವಿಶ್ವವಿದ್ಯಾನಿಲಯ, ೧೯೯೬ರಲ್ಲಿ ಕಣ್ಣೂರು ವಿಶ್ವವಿದ್ಯಾನಿಲಯ ಬಂದವು. ಸೊಲ್ಲಾಪುರ ಮುಂಬಯಿಯಿಂದ ಪುಣೆಗೆ, ೧೯೬೨ರಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾನಿಲಯಕ್ಕೆ ಸೇರಿ, ೨೦೦೪ರಲ್ಲಿ ತನ್ನದೇ ವಿಶ್ವವಿದ್ಯಾನಿಲಯವನ್ನು ಪಡೆಯಿತು. ಆದವಾನಿಯ ಸೀಮೆಗೆ ತಿರುಪತಿ, ಅನಂತಪುರ, ೨೦೦೮ರ ಬಳಿಕ ಕರ್ನೂಲು. ನೀಲಗಿರಿಗೆ ೧೯೮೨ರಿಂದ ಕೊಯಮತ್ತೂರು, ಹೊಸೂರಿಗೆ ೧೯೯೭ರಿಂದ ಸೇಲಂ. ಹತ್ತಿರದಲ್ಲಿಯೇ ವಿಶ್ವವಿದ್ಯಾನಿಲಯವಾದದ್ದು ಆಯಾ ಸೀಮೆಗೆ ಲಾಭವೇ. ಆದರೆ ವಿಶ್ವವಿದ್ಯಾನಿಲಯ ಚಿಕ್ಕದಾದಷ್ಟೂ ಅದರೊಳಗಿನ ಕನ್ನಡ ಅಧ್ಯಾಪಕರ ಸಂಖ್ಯೆಯೂ ಚಿಕ್ಕದಾಯಿತು. ಪ್ರತಿ ಸಲವೂ ಹೊಸ ಅಧ್ಯಯನ ಮಂಡಳಿ ಕೂಡಬೇಕು, ಹೊಸ ಪಠ್ಯ ಗೊತ್ತುಮಾಡಬೇಕು, ಪ್ರಶ್ನೆಪತ್ರಿಕೆ ತೆಗೆಯುವವರನ್ನು, ಉತ್ತರ ನೋಡುವವರನ್ನು ಹುಡುಕಬೇಕು. ಮಲೆಯಾಳಕ್ಕೋ ಮರಾಠಿಗೋ ತೆಲುಗಿಗೋ ಒಂದು ಮಂಡಳಿ ತುಂಬ ಜನರಿರುತ್ತಾರೆ. ಕನ್ನಡಕ್ಕೆ ಬೆರಳೆಣಿಕೆಯಷ್ಟು ಮಂದಿ. ಪಠ್ಯಕ್ರಮ ರಚನೆಗೆ ನೆರವಾಗುವ ಕಚೇರಿ ಯಾರಿಗಾದರೂ ನಿಜವಾಗಿ ಬೇಕಾಗಿದ್ದರೆ ಇವರಿಗೆ.

ದೊಡ್ಡ ವಿಭಾಗದಲ್ಲಿರುವ ಅಧ್ಯಾಪಕನಿಗೆ ಸಹೋದ್ಯೋಗಿಗಳೇ ಒಂದು ಶಾಲೆ. ಹಳಗನ್ನಡದ ಒಂದು ಪದ್ಯ ಹುಡುಗರ ತಲೆಗೆ ಹತ್ತದಿದ್ದರೆ ಪಕ್ಕದ ಮೇಜಿನವರನ್ನು ಕೇಳಬಹುದು: ನೀವು ಇದನ್ನು ಹೇಗೆ ಹೇಳುತ್ತೀರಿ? ಒಬ್ಬರೇ ಇರುವ ವಿಭಾಗದಲ್ಲಿ ಪಕ್ಕದ ಮೇಜಿಲ್ಲ. ಮೈಸೂರಿಗೋ ಬೆಂಗಳೂರಿಗೋ ಹೋಗಿ ಕನ್ನಡದ ರಿಫ್ರೆಷರ್ ಕೋರ್ಸಿನಲ್ಲಿ ಕಳೆದ ಮೂರು ವಾರ ಅಂಥವರಿಗೆ ಬಡ್ತಿಯ ಮೆಟ್ಟಿಲು ಮಾತ್ರವಲ್ಲ. ವರ್ಷಗಟ್ಟಲೆ ಇಲ್ಲದ ವಿಭಾಗವೊಂದು ಆ ಮೂರು ವಾರಗಳ ಮಟ್ಟಿಗೆ ಅವರಿಗೆ ದೊರಕಿದಂತೆ. ಊಟದ ಪಂಕ್ತಿಯಲ್ಲಿ, ಸಂಜೆಯ ನಡಿಗೆಯಲ್ಲಿ, ಹಾಸ್ಟೆಲ್ಲಿನ ಜಗಲಿಯಲ್ಲಿ ನಡೆಯುವ ಮಾತುಕತೆಗೆ ವೇಳಾಪಟ್ಟಿಯಲ್ಲಿ ಸ್ಥಾನವಿಲ್ಲ. ಕಲಿಕೆಯ ಬಹುಭಾಗ ನಡೆಯುವುದು ಅಲ್ಲಿಯೇ. ಪರದೆಯ ಮೇಲಿನ ಕೋರ್ಸಿನಿಂದ ಕಳೆದುಹೋದದ್ದು ಇದು. ಮಿಕ್ಕವರಿಗೆ ಇದು ಸಣ್ಣ ನಷ್ಟವಿರಬಹುದು, ನಮ್ಮವರಿಗೆ ಸಣ್ಣದಲ್ಲ.

ವಿದ್ಯಾರ್ಥಿಯ ಮಾತೂ ಇದೆ. ಕನ್ನಡ ಮಾಧ್ಯಮದ ಶಾಲೆಯಲ್ಲಿ ನಾವು ಓದಿಸಿ ಕಳುಹಿಸಿದ ಹುಡುಗಿ ಕಾಲೇಜಿನ ಮೊದಲ ವರ್ಷದಲ್ಲಿ ಅರ್ಥಶಾಸ್ತ್ರವನ್ನೋ ರಸಾಯನಶಾಸ್ತ್ರವನ್ನೋ ಇಂಗ್ಲಿಷಿನಲ್ಲಿ ಕೇಳುತ್ತಾಳೆ. ಅಧ್ಯಾಪಕರು ವಿವರಣೆಗೆ ಇಳಿದಾಗ ರಾಜ್ಯಭಾಷೆಯಲ್ಲಿ ಕೇಳುತ್ತಾಳೆ. ಎರಡೂ ಆಕೆಯದಲ್ಲ. ಆಕೆ ಸುಮ್ಮನೆ ಕೂರುತ್ತಾಳೆ. ಆ ಮೌನವನ್ನು ದಡ್ಡತನವೆಂದು ಎಣಿಸಿದ ಅಧ್ಯಾಪಕರು ಕೆಟ್ಟವರೇನಲ್ಲ. ಮೌನದ ಕಾರಣವನ್ನು ಹುಡುಕುವುದೂ ಬೋಧನೆಯ ಒಂದು ಭಾಗವೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ. ಪಾರಿಭಾಷಿಕ ಪದಗಳನ್ನು ಹಲಗೆಯ ಮೇಲೆ ಬರೆದು ಬಿಡುವುದು, ಪ್ರಶ್ನೆಯನ್ನು ತಾಯ್ನುಡಿಯಲ್ಲಿ ಕೇಳಲು ಅನುಮತಿ ಕೊಡುವುದು, ಒಂದೇ ಭಾಷೆಯ ಇಬ್ಬರನ್ನು ಜೊತೆಗೆ ಕೂರಿಸಿ ಚರ್ಚಿಸಲು ಐದು ನಿಮಿಷ ಬಿಡುವುದು ಇವು ಹಣ ಬೇಡದ ಉಪಾಯಗಳು. ನಮ್ಮ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯರು ಇವನ್ನು ದಿನವೂ ಮಾಡುತ್ತಾರೆ. ಕಾಲೇಜಿಗೆ ಈ ವಿದ್ಯೆಯನ್ನು ಮುಟ್ಟಿಸಬೇಕಾದದ್ದು ವಿಶ್ವವಿದ್ಯಾನಿಲಯದ ಆ ಕಚೇರಿ.

ನಮ್ಮಂಥ ಸಂಘಗಳು ಮಾಡಬಹುದಾದ ಕೆಲಸ ಇಲ್ಲಿದೆ. ಕನ್ನಡದ ರಿಫ್ರೆಷರ್ ಕೋರ್ಸುಗಳು ವರ್ಷಕ್ಕೊಮ್ಮೆಯಾದರೂ ಮುಖಾಮುಖಿಯಾಗಿ ನಡೆಯಲಿ, ಅವುಗಳಲ್ಲಿ ಹೊರರಾಜ್ಯದ ಕನ್ನಡ ಅಧ್ಯಾಪಕರಿಗೆ ಕೆಲವು ಸ್ಥಾನಗಳು ಮೀಸಲಿರಲಿ ಎಂದು ಕೇಳೋಣ. ಕಣ್ಣೂರು, ಸೊಲ್ಲಾಪುರ, ಅನಂತಪುರಗಳ ಕನ್ನಡ ಅಧ್ಯಯನ ಮಂಡಳಿಗಳು ಬೇರೆ ಬೇರೆಯಾಗಿ ತಡಕಾಡುವ ಬದಲು ವರ್ಷದಲ್ಲಿ ಒಂದು ಸಲ ಕೂಡಿ ಕುಳಿತು ಪಠ್ಯದ ವಿಚಾರ ಮಾಡಲಿ. ಗಡಿನಾಡಿನ ಕಾಲೇಜುಗಳಿಗೆ ಬರುವ ಅನ್ಯಭಾಷಾ ಅಧ್ಯಾಪಕರ ಪರಿಚಯ ಶಿಕ್ಷಣದಲ್ಲಿ ಬಹುಭಾಷಾ ತರಗತಿಯನ್ನು ಕುರಿತು ಒಂದು ದಿನದ ಪಾಠವಿರಲಿ. ಅದನ್ನು ಹೇಳಲು ಬೇಕಾದರೆ ನಮ್ಮ ಶಾಲೆಗಳಿಂದಲೇ ಒಬ್ಬರು ಹೋಗಬಲ್ಲರು.

ಕೊನೆಯ ಮಾತು ಕೆಲವರಿಗೆ ಅಹಂಕಾರವೆಂದು ತೋರಬಹುದು. ಅಹಂಕಾರವಲ್ಲ. ೧೮೫೪ರ ಕಾಗದದಲ್ಲಿ ಒಟ್ಟಿಗಿದ್ದು ಬೇರೆಯಾದ ಎರಡು ದಾರಿಗಳು ಎಲ್ಲಿಯಾದರೂ ಒಂದು ಕಡೆ ಕೂಡಬೇಕಲ್ಲವೇ? ಕೂಡಿದ ದಿನ, ನಾವು ಕಳುಹಿಸಿದ ಆ ಹುಡುಗಿ ಮೊದಲ ಸಾಲಿನಲ್ಲಿ ಕುಳಿತು ಕೈಯೆತ್ತಿ ಪ್ರಶ್ನೆ ಕೇಳಿಯಾಳು.